ಮೂರು ಸಲದ ಅಳತೆ

ವಿಮೆ ಕಂಪನಿಯ ಡಾಕ್ಟರು ದಾವಣಗೆರೆಯಿಂದ ಹರಿಹರಕ್ಕೆ, ಮನೆಗೇ ಬಂದು ನೋಡುತ್ತಾರೆ ಎಂದು ಗೊತ್ತಾದಾಗಿನಿಂದ ಕಸ್ತೂರಮ್ಮ ಗಂಡನಿಗೆ ಒಂದೇ ಮಾತು ಹೇಳುತ್ತಿದ್ದಳು. "ಆವತ್ತು ಎದ್ದು ಗಿದ್ದು ಓಡಾಡಬ್ಯಾಡ್ರಿ. ಸುಮ್ನೆ ಮಲಗಿರ್ರಿ."

ಹಾಲೇಶಪ್ಪ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ.

ಓಡಾಡಿದ್ದು ಕಂಡರೆ ಕಂಪನಿ ದುಡ್ಡು ಕೊಡಲಿಕ್ಕಿಲ್ಲ ಎಂಬ ಅವಳ ಭಯ ಸುಳ್ಳಲ್ಲ. ದಾವಣಗೆರೆ ಪಿ.ಜೆ. ಬಡಾವಣೆಯ ನರರೋಗದ ಡಾಕ್ಟರು ಆರು ತಿಂಗಳ ಹಿಂದೆಯೇ ಹೇಳಿದ್ದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ, ವಾಸಿಮಾಡುವ ಮದ್ದಿಲ್ಲ. ಮೊದಲು ಕೈ, ಆಮೇಲೆ ಕಾಲು, ಕೊನೆಗೆ ಉಸಿರು. ಮನೆಯಲ್ಲಿ ಉಸಿರಾಟದ ಯಂತ್ರ ಇಟ್ಟುಕೊಂಡರೆ ಇನ್ನಷ್ಟು ಕಾಲ ಜೊತೆಗಿರಬಹುದು. ಅದರ ಖರ್ಚಿಗೆಲ್ಲ ಇದ್ದದ್ದು ಒಂದೇ ದಾರಿ: ಏಜೆಂಟ್ ಶಿವಯೋಗಪ್ಪನ ಕಾಟ ತಾಳಲಾರದೆ ಎಂದೋ ಮಾಡಿಸಿದ್ದ ಗಂಭೀರ ಕಾಯಿಲೆಯ ಪಾಲಿಸಿ. ಅದರ ಪಟ್ಟಿಯಲ್ಲಿ ಈ ರೋಗದ ಹೆಸರೂ ಇತ್ತು. ಆದರೆ ಕಂಪನಿಗೆ ಹೆಸರೊಂದೇ ಸಾಲದು, ಶಕ್ತಿ ಶಾಶ್ವತವಾಗಿ ಹೋಗಿದೆ ಎಂದು ಅವರ ಡಾಕ್ಟರೂ ಬರೆಯಬೇಕು. ಸಾಯುವವನು ಸಾಯುತ್ತಿರುವುದಕ್ಕೂ ಅವರಿಗೆ ಸಾಕ್ಷಿ ಬೇಕು.

ಡಾಕ್ಟರ್ ಪದ್ಮಶ್ರೀ ಬಂದರು. ಸಣ್ಣ ವಯಸ್ಸು, ಕೈಯಲ್ಲಿ ನಾಲ್ಕು ಹಾಳೆಯ ಫಾರಂ. ಕಸ್ತೂರಮ್ಮ "ಬರ್ರಿ, ಕೂಡ್ರಿ" ಎನ್ನುವಷ್ಟರಲ್ಲಿ ಹಾಲೇಶಪ್ಪ ಮಂಚ ಬಿಟ್ಟು ಎದ್ದು ನಿಂತಿದ್ದ. ಮನೆಗೆ ಬಂದವರಿಗೆ ಯಜಮಾನ ತನ್ನ ಕೈಯಾರೆ ನೀರು ಕೊಡದೆ ಮಾತಿಗೆ ಕೂತದ್ದು ಆ ಮನೆಯಲ್ಲಿ ಇಲ್ಲವೇ ಇಲ್ಲ, ಬಂದವರು ಕಂಪನಿಯವರಾದರೇನು. ಗೋಡೆ ಹಿಡಿದು ಮೇಜಿನ ತನಕ ಹೋದ. ಸ್ಟೀಲ್ ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು, ಎದೆಮಟ್ಟಕ್ಕೆ ಎತ್ತಿ, "ತಗೊಳ್ರಿ ಮೇಡಮ್" ಎಂದ. ಒಂದು ಹನಿ ಚೆಲ್ಲಲಿಲ್ಲ.

ಕಸ್ತೂರಮ್ಮನ ಜೀವ ಬಾಯಿಗೆ ಬಂತು. ಎರಡು ತಿಂಗಳಿಂದ ತಾನೇ ತುತ್ತಿಟ್ಟು ಉಣಿಸುತ್ತಿದ್ದಾಳೆ, ಈ ಮಹಾನುಭಾವ ಇವತ್ತೇ ಪವಾಡ ತೋರಿಸಬೇಕಿತ್ತೇ? ನೀರಿನ ಲೋಟ ಎತ್ತಬಲ್ಲರೇ ಎಂಬ ಪ್ರಶ್ನೆ ಫಾರಂನಲ್ಲೇ ಇತ್ತು. ಡಾಕ್ಟರ ಪೆನ್ನು 'ಹೌದು' ಎಂಬ ಚೌಕದ ಕಡೆ ಹೋಯಿತು.

"ಈಗ್ಲೇ ಬರೀಬ್ಯಾಡ್ರಿ," ಎಂದ ಹಾಲೇಶಪ್ಪ ಏದುಸಿರಿನಲ್ಲಿ. "ಒಂದ್ಸಲ ನೋಡಿದ್ರೆ ಅದು ಅಳತೆ ಅಲ್ಲ. ಮೂರ್ಸಲ ನೋಡ್ರಿ."

ಡಾಕ್ಟರು ಕಸ್ತೂರಮ್ಮನ ಮುಖ ನೋಡಿದರು.

"ಇಪ್ಪತ್ತೆಂಟು ವರ್ಷ ಫ್ಯಾಕ್ಟರಿಯಾಗೆ ತಪಾಸಣೆ ಕೆಲ್ಸ ಮಾಡ್ಯಾರೆ," ಎಂದಳು ಅವಳು. "ತಯಾರಾದ ಒಂದೊಂದು ಶಾಫ್ಟನ್ನೂ ಮೂರು ಸಲ ಅಳೀದೆ ಪಾಸ್ ಮಾಡ್ತಿರಲಿಲ್ಲ. ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಪಕ್ಕಕ್ಕಿಡೋರು. ಸಾಹೇಬ್ರು ಬೈದ್ರೂ ಅಷ್ಟೇ."

ಡಾಕ್ಟರು ಲೋಟವನ್ನು ಮತ್ತೆ ಮೇಜಿನ ಮೇಲಿಟ್ಟರು. ಎರಡನೇ ಸಲ ಅದು ಎರಡು ಬೆರಳಷ್ಟು ಎದ್ದು, ವಾಲಿ, ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಅವನ ತೋಳಿನಲ್ಲಿ ಚರ್ಮದ ಕೆಳಗೆ ಮಾಂಸಖಂಡ ತನ್ನಷ್ಟಕ್ಕೆ ತಾನೇ ಅಲ್ಲಲ್ಲಿ ಅದುರುತ್ತಿತ್ತು. "ಈ ಸಲ ಇಷ್ಟೇ. ಬರ್ಕೊಳ್ರಿ," ಎಂದ. ದನಿಯಲ್ಲಿ ನೋವಿರಲಿಲ್ಲ, ನಾಚಿಕೆ ಇರಲಿಲ್ಲ. ಬೇರೆ ಯಾರದೋ ಕೈಯ ಲೆಕ್ಕ ಒಪ್ಪಿಸುವ ಹಾಗಿತ್ತು.

ಕಸ್ತೂರಮ್ಮ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ತನ್ನ ದೇಹ ಹಾಳಾಗುತ್ತಿರುವುದನ್ನೂ ಮನುಷ್ಯ ಹೀಗೆ ನೇರ ನಿಂತು ಅಳೆಯಬಲ್ಲನೇ? ಮೂವತ್ತು ವರ್ಷ ಜೊತೆಗೆ ಬಾಳಿಯೂ ಇವನು ಇಷ್ಟು ದೊಡ್ಡವನೆಂದು ಅವಳಿಗೆ ಗೊತ್ತಿರಲಿಲ್ಲ.

"ಸಾಕು ಸರ್, ನನಗೆ ತಿಳೀತು," ಎಂದರು ಡಾಕ್ಟರು.

"ಇನ್ನೊಂದು ಐತೆ."

ಅಂಗೈಗಳು ಲೋಟವನ್ನು ಮುಚ್ಚಿದವು. ಕುತ್ತಿಗೆಯ ನರ ಉಬ್ಬಿತು. ಗಂಡ ಮಂಚ ಬಿಟ್ಟು ಏಳದಿರಲಿ ಎಂದು ಬೆಳಗಿನಿಂದ ಹರಕೆ ಹೊತ್ತಿದ್ದ ಕಸ್ತೂರಮ್ಮ ಈಗ ಬಾಗಿಲ ಚೌಕಟ್ಟು ಹಿಡಿದುಕೊಂಡು ಆ ಹರಿಹರೇಶ್ವರನನ್ನೇ ಬೇಡುತ್ತಿದ್ದಳು: ಲೋಟ ಏಳಲಿ, ಯಂತ್ರ ಬ್ಯಾಡ, ದುಡ್ಡು ಬ್ಯಾಡ, ಕೂದಲೆಳೆಯಷ್ಟಾದರೂ ಏಳಲಿ.

ಲೋಟದೊಳಗಿನ ನೀರು ನಡುಗಿತು. ಲೋಟ ಏಳಲಿಲ್ಲ.

"ಸೊನ್ನೆ," ಎಂದ ಹಾಲೇಶಪ್ಪ. "ಬರ್ಕೊಳ್ರಿ ಮೇಡಮ್."

ಪೆನ್ನು 'ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿತು. ಕಸ್ತೂರಮ್ಮ ಬಂದು, ಹೊರಗಿನವರು ಕೂತಿದ್ದಾರೆಂಬುದನ್ನೂ ಮರೆತು, ಗಂಡನ ಎರಡೂ ಕೈಗಳನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.