ದನದ ದಾಟಿನ ಹಳದಿ

ಮೊದಲ ಏಟು ಚಿತ್ರದ ಸ್ಟ್ಯಾಂಡಿಗೆ ಬಿತ್ತು. ಎರಡನೆಯದು ಗಾರ್ನೋನ ಕಿವಿಗೆ. ಅವನು ಕುಂಚ ಬಿಡಲಿಲ್ಲ. ಬಿಡಬೇಕೆಂದು ಹೊಳೆಯಲೇ ಇಲ್ಲ. ಮೂರನೆಯ ಏಟಿಗೆ ಮುಗ್ಗರಿಸಿದಾಗ ಬಣ್ಣದ ಹಲಗೆ ಎದೆಯಡಿ ಸಿಕ್ಕಿ ಮುರಿಯಿತು. ಬಾಯೊಳಗೆ ದಂಡೆಯ ಮಣ್ಣು, ಅಗಸೆ ಎಣ್ಣೆ, ರಕ್ತ.

"ಏಳೋ," ಎಂದ ಕಮ್ಮಾರ ಲೂವೆಲ್. ಅವನ ಕೈಯಲ್ಲಿ ಗಾಡಿಯ ಕಬ್ಬಿಣದ ಸರಳು ಇತ್ತು. "ಆಚೆ ದಡದೋರಿಗೆ ಏನು ಗೀಚ್ತಿದ್ದೆ, ಹೇಳು."

"ಸೇತುವೆ."

"ಯಾವ ಸೇತುವೆ? ಇಲ್ಲೆಲ್ಲಿದೆ ಸೇತುವೆ?"

ಹಿಂದೆ ನಿಂತವರಲ್ಲಿ ಯಾರೋ ನಕ್ಕರು. ಸೇತುವೆ ಇರಲಿಲ್ಲ, ನಿಜ. ಹಿಂದಿನ ದಿನ ಫ್ರಾನ್ಸಿನದೇ ಸೈನಿಕರು ಬಂದು ಕಂಬಗಳಿಗೆ ಮದ್ದು ತುಂಬಿ, ಅದನ್ನು ಮಾರ್ನ್ ನದಿಗೆ ಉರುಳಿಸಿ, ಪ್ಯಾರಿಸ್ ಕಡೆಗೆ ಓಡಿದ್ದರು. ಯುದ್ಧ ಗೆಲ್ಲುತ್ತ ಬಂದ ಪ್ರಷ್ಯದ ಸವಾರರು ಆಚೆ ದಡದ ದ್ರಾಕ್ಷಿ ತೋಟಗಳವರೆಗೆ ಬಂದಾಗಿದೆ ಎಂದು ಸುದ್ದಿ. ಊರಿಗೂ ಅವರಿಗೂ ನಡುವೆ ಈಗ ಉಳಿದಿದ್ದದ್ದು ನೀರು ಮಾತ್ರ. ಹೀಗಿರುವಾಗ ಬೆಳಿಗ್ಗೆ, ಹೆಂಗಸರು ಬಿದ್ದ ಕಮಾನುಗಳನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಾಗ, ಈ ಮನುಷ್ಯ ಮಡಚು ಕುರ್ಚಿ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, ಗುಲಾಬಿ ಬಣ್ಣ ಕಲಸುತ್ತಿದ್ದ. ಕಲ್ಲಿನ ಧೂಳು ಇನ್ನೂ ನೀರಿನ ಮೇಲೆ ತೇಲುತ್ತಿತ್ತು. ಬಿಸಿಲು ಏರಿದರೆ ಆ ಗುಲಾಬಿ ಹೋಗಿಬಿಡುತ್ತದೆ. ಅವನ ತಲೆಯಲ್ಲಿದ್ದದ್ದು ಅಷ್ಟೇ.

ಅವನನ್ನು ಕೊರಳಪಟ್ಟಿ ಹಿಡಿದು ಊರಿನ ಚೌಕಕ್ಕೆ ಎಳೆದರು. ದಾರಿಯುದ್ದಕ್ಕೂ ಒದ್ದರು. ಬೆಳಿಗ್ಗೆ ಅವನಿಗೆ ಬಾಗಿಲಿನಿಂದಲೇ 'ಬೋಂಜೂರ್' ಹೇಳಿದ್ದ ಬ್ರೆಡ್ಡಿನ ಅಂಗಡಿಯವನು ಈಗ ಹೊರಗೆ ಬಂದು, ಏಪ್ರನ್ನಿಗೆ ಕೈ ಒರೆಸಿಕೊಂಡು, ಸರದಿ ಸಿಕ್ಕಾಗ ಮುಖಕ್ಕೆ ಒಂದು ಗುದ್ದಿ ಮತ್ತೆ ಒಳಗೆ ಹೋದ. ಒಲೆಯಲ್ಲಿ ಬ್ರೆಡ್ಡಿತ್ತು.

ಗಾರ್ನೋ ಉಳಿದುಕೊಂಡಿದ್ದದ್ದು ಒದಿಲ್ ಎಂಬ ವಿಧವೆಯ ಊಟದ ಮನೆಯ ಮಹಡಿಯಲ್ಲಿ. ಒದಿಲ್ ಏನೂ ಕೇಳದೆ ಕೀಲಿ ಕೊಟ್ಟಳು. ಕಿಟಕಿಯಿಂದ ಕ್ಯಾನ್ವಾಸುಗಳು ಒಂದೊಂದಾಗಿ ಚೌಕಕ್ಕೆ ಬಿದ್ದವು. ಒಂದು ವರ್ಷಕ್ಕೂ ಮಿಕ್ಕಿದ ಕೆಲಸ. ಹಸಿ ಇದ್ದವು ಒಂದಕ್ಕೊಂದು ಅಂಟಿಕೊಂಡವು. ಕುದುರೆಗಳ ನೀರಿನ ತೊಟ್ಟಿಗೆ ಅವನ್ನು ಒರಗಿಸಿ ನಿಲ್ಲಿಸಿದರು, ಸಂತೆಯಲ್ಲಿ ಮೊಲ ಇಟ್ಟ ಹಾಗೆ.

"ಇದೇನು, ಮೊಸರು ಚೆಲ್ಲಿದೀಯೇನು?"

"ನಮ್ಮ ಹಸು ಬಾಲ ಅದ್ದಿ ಬೀಸಿದ್ರೂ ಇಷ್ಟು ಕೆಡಿಸಲ್ಲ."

"ಅದೇ ಸೇತುವೆ, ಮತ್ತೆ ಅದೇ ಸೇತುವೆ, ಇಲ್ಲೂ ಅದೇ. ಚಿತ್ರ ಬರಿಯೋನಾದ್ರೆ ಒಂದು ಸಲ ಬರೆದು ಸುಮ್ನಿರ್ತಿದ್ದ. ಇವನು ಅಳತೆ ತಗೊಂಡಿದಾನೆ."

"ಅದೇ ಅಲ್ಲ," ಎಂದ ಗಾರ್ನೋ ನೆಲದಿಂದ. "ಅದು ಬೆಳಿಗ್ಗೆದು. ಇದು ಮಧ್ಯಾಹ್ನದ್ದು."

ಬೂಟಿನ ಮೊನೆ ಅವನ ಪಕ್ಕೆಲುಬು ಹುಡುಕಿಕೊಂಡು ಬಂತು. ಯಾರೋ ಬೆಳಗಿನ ಸೇತುವೆಯೊಳಕ್ಕೆ ಕಾಲು ತೂರಿಸಿದರು. ಬಟ್ಟೆ ಹರಿದ ಸದ್ದು ಎಲ್ಲರಿಗೂ ಹಿಡಿಸಿತು. ಆಮೇಲೆ ಚಾಕುಗಳು ಹೊರಗೆ ಬಂದವು. ಹಿಮ ಬಿದ್ದ ಅಂಗಳ ಹೋಯಿತು. ಸೇಬಿನ ತೋಟ ಹೋಯಿತು. ದೋಣಿಗಳ ಚಿತ್ರವನ್ನು ಮೂಲೆಯಿಂದ ಮೂಲೆಗೆ ಸೀಳಿದರು. ಗಾರ್ನೋ ನೋಡುತ್ತ ಬಿದ್ದಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು.

ಲೂವೆಲ್ ಕೊನೆಯದನ್ನು ಸೀಳಲು ಚಾಕು ಎತ್ತಿದವನು ನಿಂತ.

ಹೋದ ವರ್ಷದ ಚಿತ್ರ ಅದು. ಸಂಜೆಯ ನದಿ, ಊರಿನ ಕೆಳಗಡೆ, ವಿಲೋ ಮರದ ಹತ್ತಿರ. ಲೂವೆಲ್ ಒಂದು ಹೆಜ್ಜೆ ಹಿಂದೆ ಸರಿದ. ಇನ್ನೂ ಒಂದು. ಇಷ್ಟು ಹೊತ್ತೂ ಯಾರೂ ಆ ಕ್ಯಾನ್ವಾಸುಗಳನ್ನು ಅಷ್ಟು ದೂರದಿಂದ ನೋಡಿರಲಿಲ್ಲ; ಹತ್ತಿರದಿಂದ ಅವು ಬರೀ ಬಣ್ಣದ ಮುದ್ದೆಗಳು. ಕಮ್ಮಾರ ಚಾಕು ಕೆಳಗಿಳಿಸಿದ.

"ಇದು ದನದ ದಾಟು," ಎಂದ.

ಗಲಾಟೆ ನಿಂತಿತು. ಒಬ್ಬೊಬ್ಬರಾಗಿ ಹಿಂದೆ ಸರಿದು ಅವನ ಪಕ್ಕಕ್ಕೆ ಬಂದು ನಿಂತರು. ಮಾರ್ನ್ ಅಲ್ಲಿ ಮೇಲೆ ಎಲ್ಲ ಒಂದೇ ನೀರು. ಒಳಗೆ ಮಾತ್ರ ಜಲ್ಲಿಯ ಒಂದು ದಿಬ್ಬ ಇದೆ, ವಿಲೋದಿಂದ ಓರೆಯಾಗಿ ಹೊರಟು, ನಡುವೆ ತಟ್ಟನೆ ತಿರುಗಿ, ಎದುರಿನ ಪಾಪ್ಲರ್ ಮರಗಳಿಗೆ ಮುಟ್ಟುತ್ತದೆ. ಮಳೆ ಬಾರದ ವರ್ಷ ದನಗಳನ್ನು ಅದರ ಮೇಲೆಯೇ ಅಟ್ಟುತ್ತಾರೆ. ತಿರುವು ಗೊತ್ತಿಲ್ಲದೆ ನೇರ ಹೋದವನು ಮತ್ತೆ ಏಳುವುದಿಲ್ಲ. ಈ ಊರಿನವರು ಅದನ್ನು ಹೊರಗಿನವರಿಗೆ ಹೇಳಿದ್ದೇ ಇಲ್ಲ. ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು ಕೂಡ ಗಂಡಂದಿರಿಗೆ ಹೇಳುವುದಿಲ್ಲ.

ಚಿತ್ರದಲ್ಲಿ ಅದು ಇತ್ತು. ನೀಲಿಯ ನಡುವೆ ಮಾಸಲು ಹಳದಿಯ ಗೆರೆಗಳು, ಒಂದರ ಪಕ್ಕ ಒಂದು, ಓರೆಯಾಗಿ ಹೋಗಿ, ನಡುವೆ ತಿರುಗಿದ್ದವು.

"ತಿರುವೂ ಹಾಕಿದಾನೆ," ಎಂದು ಯಾರೋ ಪಿಸುಗುಟ್ಟಿದರು.

"ಇಲ್ಲಿ ಗುಂಡಿ," ಎಂದಳು ಒದಿಲ್. ಅವಳು ಯಾವಾಗ ಹೊರಗೆ ಬಂದಳೋ ಗೊತ್ತಿಲ್ಲ. ತಿರುವಿನ ಕೆಳಗೆ ಕಡು ನೇರಳೆಯ ಒಂದು ಪಟ್ಟೆ ಇತ್ತು. ಅವಳ ಮಗ ಮುಳುಗಿದ್ದು ಅಲ್ಲಿ, ಗಾರ್ನೋ ಈ ಊರಿನ ಹೆಸರು ಕೇಳುವುದಕ್ಕೂ ಮುಂಚೆ.

ಗಾರ್ನೋ ಮೊಣಕೈ ಊರಿ ಎದ್ದು ಕೂತ. ಪಕ್ಕೆಲುಬಿನಲ್ಲಿ ಏನೋ ಕರಕರ ಎಂದಿತು. ಅವನ ಚಿತ್ರದ ಮುಂದೆ ಇಷ್ಟು ಜನ ಇಷ್ಟು ಸುಮ್ಮನೆ ಎಂದೂ ನಿಂತಿರಲಿಲ್ಲ.

"ಯಾರು ತೋರಿಸಿದ್ರು?" ಲೂವೆಲ್ ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ದನಿ ಇಳಿದಿತ್ತು, ಕಿರುಚುವುದಕ್ಕಿಂತ ಅದೇ ಕೆಟ್ಟದ್ದಾಗಿತ್ತು. "ನಮ್ಮೋರಲ್ಲಿ ಯಾರು?"

"ಯಾರೂ ಇಲ್ಲ. ಕಾಣ್ತಿತ್ತು."

"ಕಾಣಲ್ಲ. ಹುಟ್ಟಿದಾಗಿಂದ ದಾಟ್ತಿದೀನಿ, ನನಗೇ ಕಾಣಲ್ಲ. ಕಾಲಿಗೆ ಗೊತ್ತು, ಅಷ್ಟೇ."

"ಸಂಜೆ ಬೆಳಕು ಓರೆ ಬಿದ್ದಾಗ ಕಾಣುತ್ತೆ."

"ನನ್ನ ಮಗ ಸೆಡಾನಿನ ಯುದ್ಧಕ್ಕೆ ಹೋದೋನು ಸತ್ನೋ ಬದುಕಿದಾನೋ ಗೊತ್ತಿಲ್ಲ," ಎಂದ ಲೂವೆಲ್. "ನೀನಿಲ್ಲಿ ಕೂತು ಅವನ ಮೇಲೆ ಗುಂಡು ಹಾರಿಸಿದೋರಿಗೆ ನಮ್ಮ ಮನೆ ಬಾಗಿಲು ಬರ್ಕೊಡ್ತಿದೀಯ. ಯಾವ ಕೈ?"

ಗಾರ್ನೋನಿಗೆ ಅರ್ಥವಾಯಿತು. ಅವನು ಎಡಗೈ ಚಾಚಿದ.

ಲೂವೆಲ್ ಆ ಕೈಯನ್ನು ತಿರುಗಿಸಿ ನೋಡಿದ. ಶುಭ್ರವಾಗಿತ್ತು. ಬಲಗೈ ಉಗುರುಗಳ ಸಂದಿನಲ್ಲಿ ಗುಲಾಬಿ ಇನ್ನೂ ಒಣಗಿರಲಿಲ್ಲ. "ಜಾಣ," ಎಂದ. ಇಬ್ಬರು ಬಲಗೈಯನ್ನು ತೊಟ್ಟಿಯ ಕಲ್ಲಿನ ಅಂಚಿಗೆ ಒತ್ತಿ ಹಿಡಿದರು. ನೋವು ಬರುವ ಮೊದಲು ಕಲ್ಲಿನ ಮೇಲೆ ಬೆರಳುಗಳ ನೆರಳು ಕಂಡಿತು. ನೇರಳೆ, ಅಂಚಿನಲ್ಲಿ ಹಸಿರು. ಸರಳು ಇಳಿಯಿತು. ಎಲುಬು ಒಣ ಕಡ್ಡಿಯಂತೆ ಮುರಿಯಲಿಲ್ಲ, ಒದ್ದೆ ಸದ್ದು ಮಾಡಿತು. ಮತ್ತೆ ಇಳಿಯಿತು. ಕಿರುಚಿದ್ದು ತಾನೇ ಎಂದು ಅವನಿಗೆ ತಡವಾಗಿ ತಿಳಿಯಿತು.

"ಇನ್ನು ಹಗ್ಗ ತನ್ನಿ," ಎಂದ ಲೂವೆಲ್. "ಇವನು ಬರೆದ ಗುಂಡೀಲೇ ಇವನನ್ನ ಹಾಕೋಣ. ಆಳ ಸರಿಯಾಗಿದೆಯಾ ನೋಡ್ಲಿ."

ಹಗ್ಗ ಬರುವಷ್ಟರಲ್ಲಿ ಮೇಯರ್ ಪ್ರುವೊ ಬಂದ. ಬೀಜದ ವ್ಯಾಪಾರಿ, ಸ್ಥೂಲಕಾಯ. ರಾತ್ರಿಯಂಗಿಯ ಮೇಲೆಯೇ ಮೇಯರಿಕೆಯ ಮೂರು ಬಣ್ಣದ ಪಟ್ಟಿ ತೊಟ್ಟು ಓಡಿಬಂದಿದ್ದ. ಚೌಕದ ಚಿಂದಿಗಳನ್ನೂ ಆ ಕೈಯನ್ನೂ ನೋಡಿ ತೊಟ್ಟಿ ಹಿಡಿದುಕೊಂಡು ಸುಧಾರಿಸಿಕೊಂಡ.

"ಲೂವೆಲ್, ನಾಳೆ ಪ್ಯಾರಿಸ್ನೋರು ಕೇಳಿದ್ರೆ ನಾನೇನು ಹೇಳ್ಲಿ?"

"ಗೂಢಚಾರನ್ನ ಕೊಂದ್ವಿ ಅನ್ನಿ ಮೇಯರ್ರೇ. ಪದಕ ಕೊಡ್ತಾರೆ, ಆ ಪಟ್ಟಿ ಮೇಲೆ ಸಿಕ್ಕಿಸ್ಕೊಳಿ."

ಪ್ರುವೊ ಚಿತ್ರವನ್ನು ನೋಡಿದ. ಅವನೂ ಈ ಊರಿನವನೇ. ದಾಟನ್ನು ಗುರುತಿಸಿದ್ದು ಮುಖದ ಮೇಲೆ ಕಂಡಿತು. ಆಮೇಲೆ, ವ್ಯಾಪಾರಿಯ ಅಭ್ಯಾಸವೋ ಏನೋ, ಅದನ್ನು ಎತ್ತಿ ಹಿಂದುಗಡೆ ತಿರುಗಿಸಿದ. ಮರದ ಚೌಕಟ್ಟಿನ ಮೇಲೆ ಕೆಂಪು ಮುದ್ರೆ ಇತ್ತು. ಅವನು ಅದನ್ನು ಎಲ್ಲರಿಗೂ ಹಿಡಿದು ತೋರಿಸಿದ.

"ಇದೇನು ಗೊತ್ತಾ? ಪ್ಯಾರಿಸ್ನ ದೊಡ್ಡ ಪ್ರದರ್ಶನದಲ್ಲಿ ತಳ್ಳಿಹಾಕಿದ ಚಿತ್ರಕ್ಕೆ ಒತ್ತೋ ಮುದ್ರೆ. ಅಲ್ಲಿ ಕೂತಿರೋರು ತಿಳಿದೋರು. ಈತ ಬರೆದಿದ್ದು ನದಿನೇ ಅಲ್ಲ ಅಂತ ಅವರೇ ಹೇಳಿ ವಾಪಸ್ ಕಳ್ಸಿದಾರೆ. ಈತನಿಗೆ ಕಣ್ಣು ಸರಿ ಇಲ್ಲ, ಅಷ್ಟೇ. ಎಲ್ಲಿ ಬೇಕಾದ್ರೂ ಹಳದಿ ಬಳೀತಾನೆ. ದಾಟಿಗೆ ತಾಳೆ ಆಗ್ಬಿಟ್ಟಿದೆ, ಆಕಸ್ಮಿಕ."

ಜನ ಮುದ್ರೆ ನೋಡಿದರು. ಕೆಂಪು ಮುದ್ರೆ ಎಂದರೆ ಕೆಂಪು ಮುದ್ರೆ. ಹಗ್ಗ ಹಿಡಿದವನು ಅದನ್ನು ಭುಜದಿಂದ ಇಳಿಸಿದ.

"ತಿರುವು?" ಎಂದ ಲೂವೆಲ್.

"ತಿರುವೂ ಆಕಸ್ಮಿಕ."

ಕಮ್ಮಾರ ಸರಳನ್ನು ತೊಟ್ಟಿಗೆ ಒರಗಿಸಿದ. ಅವನು ಈವರೆಗೆ ಮನುಷ್ಯನನ್ನು ಕೊಂದವನಲ್ಲ. "ಸರಿ. ಅವನ ಬಾಯಿಂದ ಬರ್ಲಿ. ಅಲ್ಲಿ ಹಳದಿ ಇರ್ಲಿಲ್ಲ, ನಾನು ಸುಮ್ನೆ ಬಳಿದೆ ಅಂತ ಎಲ್ಲರ ಮುಂದೆ ಹೇಳ್ಲಿ. ಈ ಚಿತ್ರ ಸುಡ್ತೀನಿ, ಅವನನ್ನ ಬಿಡ್ತೀನಿ. ಇಲ್ಲಾಂದ್ರೆ ಗುಂಡಿ."

ಪ್ರುವೊ ಮಂಡಿಯೂರಿ ಕೂತು ಗಾರ್ನೋನ ಕಿವಿಯ ಹತ್ತಿರ ಬಾಗಿದ. ಅವನ ಬಾಯಿಂದ ಕಾಫಿಯ ವಾಸನೆ ಬಂತು. "ಕೇಳಿಸ್ತಲ್ಲ ಮಸ್ಯೂ? ಒಂದೇ ಮಾತು. ನನ್ನ ಗಾಡೀಲೇ ಮೋ ಊರಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಕೈ ಉಳೀಬಹುದು."

ಗಾರ್ನೋ ಕೈ ನೋಡಿಕೊಂಡ. ಅದು ಕೈಯ ಆಕಾರದಲ್ಲಿರಲಿಲ್ಲ. ಮೇಯರ್ ಹೇಳಿದ ಮಾತು ಅವನಿಗೆ ಹೊಸದೇನೂ ಅಲ್ಲ. ಅವನ ಅಪ್ಪ ಹಿಂದೊಮ್ಮೆ ಅವನನ್ನು ಕಣ್ಣಿನ ವೈದ್ಯರ ಹತ್ತಿರ ಕಳಿಸಿದ್ದ, ನೆರಳು ನೇರಳೆ ಎಂದಿದ್ದಕ್ಕೆ. ವೈದ್ಯರು ಮೇಣದ ಬತ್ತಿ ಹಿಡಿದು ನೋಡಿ, ಲೀವರಿನ ದೋಷ ಇರಬೇಕು ಎಂದಿದ್ದರು. ಪ್ರದರ್ಶನದಲ್ಲಿ ಬಾಗಿಲು ಕಾಯುವವನು ಕೂಡ ನಕ್ಕಿದ್ದ. ಹೌದು, ಕಣ್ಣು ಸರಿ ಇಲ್ಲ ಎಂದು ಎಷ್ಟು ಸಲ ತಾನೇ ನಂಬಿ ಮಲಗಿಲ್ಲ. ಹೇಳುವುದು ಸುಲಭವಿತ್ತು. ನಾಲಗೆ ಮಾತ್ರ ಸಾಕು, ಅದು ಇನ್ನೂ ಚೆನ್ನಾಗಿತ್ತು.

"ಹೇಳಿ ಮಸ್ಯೂ ಗಾರ್ನೋ," ಎಂದಳು ಒದಿಲ್. "ಹೇಳಿ ಹೋಗ್ಬಿಡಿ."

ಆದರೆ ಅವಳು ಅವನ ಕಡೆ ನೋಡುತ್ತಿರಲಿಲ್ಲ. ಮೇಯರ್ ಮತ್ತೆ ತೊಟ್ಟಿಗೆ ಒರಗಿಸಿಟ್ಟ ಚಿತ್ರದ ಮುಂದೆ ನಿಂತಿದ್ದಳು. ಅವಳ ಅಂಗೈ ಆ ನೇರಳೆ ಪಟ್ಟೆಯ ಮುಂದೆ ಇತ್ತು, ಮುಟ್ಟುವಷ್ಟು ಹತ್ತಿರ, ಮುಟ್ಟದೆ. ಜ್ವರ ಬಂದ ಮಗುವಿನ ಹಣೆಯ ಮುಂದೆ ಹಿಡಿಯುವ ಹಾಗೆ. ಹಳದಿ ಸುಮ್ಮನೆ ಬಳಿದದ್ದಾದರೆ ಅದರ ಪಕ್ಕದ ನೇರಳೆಯೂ ಸುಮ್ಮನೆ ಬಳಿದದ್ದೇ. ಅಲ್ಲಿ ಗುಂಡಿಯೂ ಇಲ್ಲ, ಯಾರೂ ಇಲ್ಲ.

"ಬೇಗ," ಎಂದ ಮೇಯರ್. "ಇರ್ಲಿಲ್ಲ ಅನ್ನಿ. ಸಾಕು."

ಗಾರ್ನೋ ಬಾಯಲ್ಲಿದ್ದದ್ದನ್ನು ಉಗುಳಿದ.

"ಅನ್ನಲ್ಲ," ಎಂದ. "ಅಲ್ಲಿ ಹಳದಿ ಇದೆ."