ಕಿಟಕಿ ಪಕ್ಕದ ಸೀಟು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಕ್ಕ ಗಿರಾಕಿಗಳ ಮುಂದೆಯೇ ಹೇಳುತ್ತಾಳೆ. ಇರಬಹುದು. ಆದರೆ ಈ ಪ್ರವಾಸದ ವಿಷಯದಲ್ಲಿ ಕೋಪ ಬಾರದಿದ್ದರೆ ನಾನು ಮನುಷ್ಯಳೇ ಅಲ್ಲ.

ನಾವಿಬ್ಬರೂ ಸೇರಿ ಹೊಲಿಗೆ ಅಂಗಡಿ ನಡೆಸುತ್ತೇವೆ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಅಕ್ಕ ಬಟ್ಟೆ ಕತ್ತರಿಸುತ್ತಾಳೆ, ಕಾಜಾ ಹಾಕುತ್ತಾಳೆ, ಗುಂಡಿ ಹಚ್ಚುತ್ತಾಳೆ. ಮಿಷನ್ ತುಳಿಯುವುದು ನಾನು. ಮದುವೆಯ ಗೊಡವೆಗೆ ಹೋಗದ ನಮಗಿದ್ದ ಒಂದೇ ಹುಚ್ಚೆಂದರೆ ನಮ್ಮ ಈ ದೊಡ್ಡ ದೇಶವನ್ನು ನೋಡುವುದು. ಒಂದು ತುದಿಯಲ್ಲಿ ಹಿಮ, ಇನ್ನೊಂದು ತುದಿಯಲ್ಲಿ ಮರಳು. ನಡುವೆ ಬಸ್ಸಿಳಿದಲ್ಲೆಲ್ಲ ಬೇರೆ ಭಾಷೆ, ಬೇರೆ ಊಟ, ಬೇರೆ ಉಡುಪು. ದೇಶ ಸುತ್ತಬೇಕು, ಕೋಶ ಓದಬೇಕು ಅನ್ನುತ್ತಾರಲ್ಲ, ಕೋಶ ನಮ್ಮ ಕೈಲಾಗದ್ದು, ದೇಶವನ್ನಾದರೂ ಸುತ್ತೋಣ ಎಂದುಕೊಂಡಿದ್ದೆವು.

ಕತ್ತರಿಸುವ ಮೇಜಿನ ಮೇಲೆ ದೇಶದ ನಕ್ಷೆ ಹಾಸಿ, ನೋಡಬೇಕಾದ ಊರುಗಳಿಗೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿದೆವು. ಈ ವರ್ಷ ಅರ್ಧ, ಮುಂದಿನ ವರ್ಷ ಅರ್ಧ ಎಂದು ನಾನು. ಎಲ್ಲವೂ ಈ ಸಲವೇ ಎಂದು ಅಕ್ಕ. ಎತ್ತು ಏರಿಗೆ, ಕೋಣ ನೀರಿಗೆ. ಅಷ್ಟೆಲ್ಲ ಒಂದೇ ಸಲಕ್ಕೆ ಸುತ್ತಿದರೆ ಬಸ್ಸು ಬಿಟ್ಟು ಬೇರೇನೂ ನೋಡಿದಂತಾಗುವುದಿಲ್ಲ ಎಂದು ಟಿಕೆಟ್ ಮಾಡಿಸಿಕೊಡುವವನೂ ಬುದ್ಧಿ ಹೇಳಿದ. ಅಕ್ಕ ಜಗ್ಗಲಿಲ್ಲ. ಎರಡು ಸಲ ಅಳೆಯದೆ ಬಟ್ಟೆಗೆ ಕತ್ತರಿ ಇಡದವಳು ದೇಶಕ್ಕೆ ದೇಶವನ್ನೇ ಒಂದೇ ಏಟಿಗೆ ಕತ್ತರಿಸಲು ಹೊರಟಿದ್ದಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಗೊಣಗಿದೆ. ಅದು ಗಂಡಸರಿಗೆ ಹೇಳಿದ ಮಾತು ಅಂದಳು.

ಸಾಲದ್ದಕ್ಕೆ ಕಿಟಕಿ ಸೀಟಿನ ತಕರಾರು. ಚಿಕ್ಕಂದಿನಿಂದಲೂ ಬಸ್ಸಾಗಲಿ, ರೈಲಾಗಲಿ, ಕಿಟಕಿ ಪಕ್ಕ ನನ್ನದು. ಅಕ್ಕ ತುಟಿ ಪಿಟಕ್ಕೆನ್ನದೆ ಬಿಟ್ಟುಕೊಡುತ್ತಿದ್ದಳು. ಈ ಸಲ ಮಾತ್ರ ಉದ್ದಕ್ಕೂ ತಾನೇ ಕೂರುವುದೆಂದು ಹಟ ಹಿಡಿದಳು. ವಯಸ್ಸಾಗುತ್ತ ಮಗುವಾಗುತ್ತಿದ್ದಾಳೆ ಎಂದುಕೊಂಡು ನಾನು ಮಾತು ಬಿಟ್ಟೆ.

ಮುನಿಸಿದ್ದಾಗ ನನ್ನ ಕೈ ಸುಮ್ಮನಿರುವುದಿಲ್ಲ. ಅಕ್ಕ ಗುಂಡಿ ತರಲು ಹೋದಾಗ ಗೋಡೆಯ ಮೇಲಿನ ದಾರದ ಹಲಗೆ ಇಳಿಸಿ ಒರೆಸಿದೆ. ಮೊಳೆಗಳಿಗೆ ಸಿಕ್ಕಿಸಿದ ರೀಲುಗಳು ಅಕ್ಕ ಇಟ್ಟಂತೆ, ತಲೆಬುಡವಿಲ್ಲದೆ ಇದ್ದವು. ಅವನ್ನೆಲ್ಲ ಕೊಡವಿ, ತಿಳಿ ಬಣ್ಣದಿಂದ ಕಡು ಬಣ್ಣದವರೆಗೆ ಚೆಂದವಾಗಿ ಜೋಡಿಸಿದೆ. ಅವಳಿಗೆ ಹೇಳಲಿಲ್ಲ, ಮಾತು ಬಿಟ್ಟಿದ್ದೆನಲ್ಲ.

ಮರುದಿನ ಮಧ್ಯಾಹ್ನ ಅಕ್ಕ ಒಂದು ಕೋಟನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಹಿಮದ ಊರಿಗೆಂದು ನನ್ನ ಅಳತೆಗೆ ಅವಳೇ ಕತ್ತರಿಸಿದ್ದ ಕಡುನೀಲಿ ಉಣ್ಣೆಯ ಕೋಟು. ಮಿಷನ್ ಹೊಲಿಗೆ ನಾನು ಮುಗಿಸಿದ್ದೆ, ಅವಳ ಕೈಕೆಲಸ ಬಾಕಿ ಇತ್ತು. ಕಾಜಾಗಳು ಅಚ್ಚಿಗೆ ಹಾಕಿದಂತಿದ್ದವು. ಆದರೆ ದಾರ ಹಸಿರು. ಕಡುಹಸಿರೇನೋ ಹೌದು, ಆದರೂ ಹಸಿರು ಹಸಿರೇ.

ಇದ್ಯಾವ ಹೊಸ ಫ್ಯಾಷನ್ನು ಎಂದು ಚುಚ್ಚಲು ಬಾಯಿ ತೆರೆದವಳ ಕಣ್ಣು ಹಲಗೆಯ ಮೇಲೆ ಬಿತ್ತು. ಮೊದಲು ನೀಲಿ ಇರುತ್ತಿದ್ದ ಮೊಳೆಯಲ್ಲಿ ಈಗ ಹಸಿರಿತ್ತು. ಅಕ್ಕ ಬಣ್ಣ ನೋಡಿ ದಾರ ತೆಗೆದಿರಲಿಲ್ಲ, ಮೊಳೆ ನೋಡಿ ತೆಗೆದಿದ್ದಳು. ಎಷ್ಟು ಕಾಲದಿಂದ ಹೀಗೋ!

"ಅಕ್ಕಾ, ಈ ದಾರ ಯಾವ ಬಣ್ಣ?"

ಅವಳು ಕೋಟನ್ನು ಬಾಗಿಲ ಬೆಳಕಿಗೆ ಹಿಡಿದಳು, ಮುಖದ ಹತ್ತಿರ ತಂದಳು. ಆಮೇಲೆ ಮೆಲ್ಲಗೆ ಮಡಿಚತೊಡಗಿದಳು.

"ಹಲಗೆ ಒರೆಸಿದ್ಯಾ?" ಎಂದು ಕೇಳಿದಳು.

ಕಣ್ಣಿನ ಡಾಕ್ಟರು ಹೇಳಿ ಬಹಳ ಕಾಲವಾಗಿತ್ತಂತೆ. ಕಣ್ಣಿನ ನರ ಸೊರಗುತ್ತಿದೆ. ಕಡು ಬಣ್ಣಗಳು ಒಂದರೊಳಗೊಂದು ಕಲೆಯುತ್ತಿವೆ, ಇನ್ನು ಉಳಿದದ್ದೂ ಮಬ್ಬಾಗುತ್ತದೆ. ಔಷಧಿ ಅದನ್ನು ನಿಧಾನ ಮಾಡೀತೇ ಹೊರತು ನಿಲ್ಲಿಸಲಾರದು. ಮುಂದಿನ ವರ್ಷ ಎಷ್ಟು ಕಂಡೀತು ಎಂಬುದು ಅವರಿಗೂ ಗೊತ್ತಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನನ್ನನ್ನ ಹೊಸ್ತಿಲು ದಾಟೋಕೆ ಬಿಡ್ತಿರ್ಲಿಲ್ಲ. ಕಣ್ಣಿರುವಾಗ್ಲೇ ಕುರುಡಿ ಮಾಡಿ ಕೂರಿಸ್ತಿದ್ದೆ."

ಅದು ನಿಜ. ನಿಜವಾದ್ದರಿಂದಲೇ ಹೆಚ್ಚು ಉರಿಯಿತು. ಅಳು ಬಂತು, ಸಿಟ್ಟಿನಲ್ಲೇ ಅತ್ತೆ. ಅಕ್ಕ ಸಮಾಧಾನ ಮಾಡುವುದು ಬಿಟ್ಟು, ಕಪ್ಪು ದಾರ ಎಲ್ಲಿಟ್ಟಿದ್ದೀಯ ಎಂದು ಕೇಳುತ್ತಿದ್ದಳು. ಕೊನೆಗೆ ಇಬ್ಬರೂ ಸೇರಿ ರೀಲುಗಳನ್ನೆಲ್ಲ ಹಳೆಯ ಮೊಳೆಗಳಿಗೇ ಸಿಕ್ಕಿಸಿದೆವು. ಯಾವುದು ಎಲ್ಲಿ ಎಂದು ಅವಳು ಹೇಳುತ್ತ ಹೋದಳು. ಒಂದೂ ತಪ್ಪಲಿಲ್ಲ. ಕೋಟಿನ ದಾರ ಬಿಚ್ಚಿ ನೀಲಿ ಹಾಕಿಕೊಡುತ್ತೇನೆಂದಾಗ ಬೇಡವೆಂದೆ.

ಮುಖ ತೊಳೆದು ಬಂದು ಮತ್ತೆ ನಕ್ಷೆ ಹಾಸಿದೆ. ಸುತ್ತುಗಳನ್ನೆಲ್ಲ ಬಟ್ಟೆಯಿಂದ ಒರೆಸಿಹಾಕಿದೆ. ಅಕ್ಕನ ಮುಖ ಸಣ್ಣದಾಯಿತು; ಪ್ರವಾಸಕ್ಕೇ ಕಲ್ಲು ಬಿತ್ತು ಅಂದುಕೊಂಡಿರಬೇಕು. ನಾನು ಬಿಳಿ ಸೀಮೆಸುಣ್ಣದಲ್ಲಿ, ಕಣ್ಣಿದ್ದರೆ ಮಾತ್ರ ಸಿಗುವ ಊರುಗಳಿಗೆ ಸುತ್ತು ಹಾಕಿದೆ. ಹಿಮದ ಬೆಟ್ಟ, ಬಣ್ಣ ಅದ್ದಿದ ಬಟ್ಟೆಗಳನ್ನು ಹೊಳೆದಂಡೆಯುದ್ದಕ್ಕೂ ಒಣಹಾಕುವ ಊರು, ಮರಳಿನಲ್ಲಿ ಸೂರ್ಯ ಮುಳುಗುವ ಜಾಗ. ಇವು ಈ ವರ್ಷ, ಒಂದೊಂದರಲ್ಲೂ ಕಣ್ಣು ತುಂಬುವಷ್ಟು ಹೊತ್ತು ನಿಂತು. ಆಮೇಲೆ ಕೆಂಪು ಸುಣ್ಣ ಹಿಡಿದೆ. ಸಂಜೆಯಾದರೆ ಬೀದಿಯಲ್ಲೇ ಕೂತು ಹಾಡುತ್ತಾರೆನ್ನುವ ಊರು, ಬಿಸಿನೀರಿನ ಬುಗ್ಗೆ, ತಿನ್ನುವುದಕ್ಕೇ ಹೆಸರಾದ ಪೇಟೆ, ರೇಷ್ಮೆ ನೇಯುವವರ ಓಣಿ. ಬಟ್ಟೆ ಮುಟ್ಟಿ ಅದರ ಜಾತಕ ಹೇಳುವ ಬೆರಳು ನಮ್ಮಕ್ಕನವು.

"ಇವು ಮುಂದಿನ ವರ್ಷಕ್ಕೆ" ಎಂದೆ. "ಇವಕ್ಕೆ ಕಣ್ಣು ಬೇಕಾಗಿಲ್ಲ. ನಾನು ಕೈ ಹಿಡ್ಕೊಂಡಿರ್ತೀನಿ."

ಅಕ್ಕ ಅಂಗೈಯಿಂದ ನಕ್ಷೆಯ ಸುಕ್ಕನ್ನು ಸವರುತ್ತ ಕೂತಿದ್ದಳು.

"ಸರಿ ಹಾಗಾದ್ರೆ" ಎಂದಳು ಕೊನೆಗೆ. "ಮುಂದಿನ ವರ್ಷ ಕಿಟಕಿ ಸೀಟು ನೀನೇ ತಗೋ."