ಒಂದೇ ಅಜ್ಜನ ಎರಡು ಮನೆ

ಮದುವೆಯ ಮಾತುಕತೆ ಮುಗಿದು ಇನ್ನೇನು ಎದ್ದು ಹೊರಡಬೇಕು ಅನ್ನುವಾಗ ಹೆಣ್ಣಿನ ತಾಯಿಯ ಕಣ್ಣು ಗಂಡಿನ ಮನೆಯ ಗೋಡೆಯ ಮೇಲೆ ಬಿತ್ತು. ಬಿದ್ದ ಕಣ್ಣು ಅಲ್ಲೇ ಕಚ್ಚಿಕೊಂಡಿತು. ಪಟದಲ್ಲಿ ಕೂತಿದ್ದವರು ಅವಳ ತಂದೆಯ ತಂದೆ. ಅದೇ ಓರೆ ಮೀಸೆ, ಗಾಯದಿಂದ ಸೀಳಿದ ಅದೇ ಹುಬ್ಬು. ಅವಳ ಮನೆಯಲ್ಲೂ ಅದೇ ಮುಖದ ಪಟವಿತ್ತು, ವಯಸ್ಸಷ್ಟೇ ಕಮ್ಮಿ.

"ಇವರು ಯಾರು?"

"ನಮ್ಮಪ್ಪನ ಅಪ್ಪ. ನನ್ನನ್ನ ಹೆಗಲ ಮೇಲೆ ಹೊತ್ತು ಬೆಳೆಸಿದ ದೇವರು ಅಂದ್ಕೊಳ್ಳಿ" ಎಂದಳು ಗಂಡಿನ ತಾಯಿ.

ಹಾಲಿಗೆ ಹುಳಿ ಹಿಂಡಿದಂತಾಯಿತು. ಇಬ್ಬರ ತಂದೆಯರೂ ಒಬ್ಬನೇ ಅಪ್ಪನ ಮಕ್ಕಳಾದರೆ ತಾವಿಬ್ಬರೂ ಅಕ್ಕತಂಗಿಯರು. ಮದುವೆಗೆ ನಿಂತ ಮಕ್ಕಳು ಅಣ್ಣ ತಂಗಿ!

ಮಕ್ಕಳ ಮುಂದೆ ತುಟಿ ಬಿಚ್ಚದೆ ಇಬ್ಬರು ತಾಯಂದಿರೂ ಹಳೆಯ ದಾಖಲೆಗಳ ಕಚೇರಿಗೆ ಬಂದು ಕೂತರು. ಹೆಣ್ಣಿನ ತಾಯಿ ದರ್ಜಿ, ಗಂಡಿನ ತಾಯಿ ಆಸ್ಪತ್ರೆಯ ನರ್ಸು. ನರ್ಸಮ್ಮ ಮೊದಲೇ ಹೇಳಿಬಿಟ್ಟಿದ್ದಳು: ರಕ್ತಸಂಬಂಧ ಅಂತ ತಿಳಿದರೆ ಮದುವೆ ಅಲ್ಲಿಗೇ ನಿಂತಿತು.

"ಹುಟ್ಟು ಬೇಕಾ, ಸಾವು ಬೇಕಾ, ಮದುವೆ ಬೇಕಾ?" ದಪ್ಪ ಕನ್ನಡಕದ ಗುಮಾಸ್ತ ಕೇಳಿದ.

"ಮದುವೆ. ಒಬ್ಬರದೇ ಎರಡು."

"ಒಂದಕ್ಕೇ ಬುದ್ಧಿ ಬರಲಿಲ್ವಾ ಪಾಪ" ಎನ್ನುತ್ತ ಅವನು ಕಪಾಟಿನ ಕಡೆ ನಡೆದ.

"ಅಕ್ಕಾ, ಈ ಕಡೆ ಗಾಳಿ ಬರುತ್ತೆ, ಇಲ್ಲಿ ಕೂತ್ಕೊಳ್ಳಿ" ಎಂದಳು ದರ್ಜಿ.

"ಅಕ್ಕ ಅನ್ಬೇಡ್ರೀ! ಆ ಮಾತು ಸುಳ್ಳಾಗ್ಲಿ ಅಂತ ತಾನೇ ಇಲ್ಲಿಗೆ ಬಂದಿರೋದು?"

ಇಬ್ಬರೂ ನಕ್ಕರು. ನಗು ಅರ್ಧಕ್ಕೇ ಬಾಡಿತು.

ಮೊದಲ ಮದುವೆ ಬೇಗ ಸಿಕ್ಕಿತು. ವರ ಬಡಗಿ, ವಧು ದರ್ಜಿಯ ಅಜ್ಜಿ. ಕೆಲಸಕ್ಕೆಂದು ಹೋದ ಗಂಡ ಬಂದೇ ಬರುತ್ತಾನೆಂದು ಮುದುಕಿಯಾಗುವವರೆಗೂ ಬಾಗಿಲು ಕಾದ ಜೀವ ಅದು. ಎರಡನೆಯದನ್ನು ಹುಡುಕುತ್ತಿರುವಾಗ ನರ್ಸಮ್ಮನಿಗೆ ಫೋನು ಬಂತು. ಅವಳು ಹೊರಗಿನ ಪಡಸಾಲೆಗೆ ಹೋದಳು.

ಅಷ್ಟರಲ್ಲಿ ಗುಮಾಸ್ತ ಇನ್ನೊಂದು ಪುಟ ಬಿಡಿಸಿಟ್ಟ. ದರ್ಜಿ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ವರ: ಬಡಗಿ, ವಿಧುರ. ಬದುಕಿದ್ದ ಅಜ್ಜಿಯನ್ನು ಈ ಮಹಾನುಭಾವ ಒಂದೇ ಮಾತಿನಲ್ಲಿ ಸಾಯಿಸಿಬಿಟ್ಟಿದ್ದ. ಹಲ್ಲು ಕಚ್ಚಿಕೊಂಡು ಮುಂದೆ ಓದಿದಳು. ವಧು: ವಿಧವೆ. ಮೊದಲ ಗಂಡನಿಂದ ಒಂದು ಗಂಡು ಮಗು. ಕೆಳಗೆ ಮಗುವಿನ ಹೆಸರು. ನರ್ಸಮ್ಮನ ತಂದೆಯ ಹೆಸರು.

ರಕ್ತಸಂಬಂಧವಿಲ್ಲ. ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಮರುಗಳಿಗೆಯೇ ಗಾಜಿನಾಚೆ ಫೋನು ಹಿಡಿದು ನಿಂತವಳು ಕಂಡಳು. ಮಗಳ ಮದುವೆ ಉಳಿಯಬೇಕಾದರೆ ನರ್ಸಮ್ಮನ ಅಜ್ಜನನ್ನು ಅವಳಿಂದ ಕಿತ್ತುಕೊಳ್ಳಬೇಕು.

"ಸಂಬಂಧ ಇಲ್ಲ ಅಂತ ನೀವೇ ಒಂದು ಮಾತು ಹೇಳಿಬಿಡ್ತೀರಾ? ಇದನ್ನ ತೋರಿಸೋದು ಬೇಡ" ಎಂದಳು ಗುಮಾಸ್ತನಿಗೆ ಮೆಲ್ಲಗೆ.

"ಹೇಗೆ ಇಲ್ಲ ಅಂತ ಕೇಳ್ತಾರಲ್ಲ ತಾಯಿ. ಆಗ ನಾನು ಯಾರ ಮುಖ ನೋಡ್ಲಿ?"

ದೇವರೇ, ನನ್ನ ಕೈಯಿಂದಲೇ ಆಗಬೇಕೇ ಇದು, ಅಂದುಕೊಂಡಳು ದರ್ಜಿ. ದೇವರು ಎಂದಿನಂತೆ ಸುಮ್ಮನಿದ್ದ. ಬಾಗಿಲು ಕಿರುಗುಟ್ಟಿತು.

"ಮಗ ರೀ. ಉಂಗುರ ಕೊಳ್ಳಲಾ ಅಂತ ಪ್ರಾಣ ತಿಂತಾನೆ. ಸಿಕ್ತಾ?"

"ಸಿಕ್ತು. ಮದುವೆ ಮಾಡಬಹುದು."

"ನಿಜವಾಗ್ಲೂ? ಅದು ಹೇಗೆ?"

ದರ್ಜಿ ದಪ್ಪ ಪುಸ್ತಕವನ್ನು ಮೆಲ್ಲಗೆ ಅವಳ ಕಡೆ ತಿರುಗಿಸಿದಳು.

ನರ್ಸಮ್ಮ ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು.

"ಹಾಗಾದ್ರೆ ಅವರು ನನ್ನ ಅಜ್ಜ ಅಲ್ಲ."

"ನಾನವರ ಸ್ವಂತ ಮೊಮ್ಮಗಳು ಕಣ್ರೀ. ಒಂದು ದಿನಾನೂ ಅವರ ದನಿ ಕೇಳಿಲ್ಲ."

ನರ್ಸಮ್ಮನ ಕಣ್ಣು ಮತ್ತೆ ಪುಟಕ್ಕೆ ಇಳಿಯಿತು. "ವಿಧುರ ಅಂತಿದೆ. ನಿಮ್ಮಜ್ಜಿ ಆಗ..."

"ಬದುಕಿದ್ರು."

"ಅಯ್ಯೋ, ಎಂಥ ಕೆಲಸ ಮಾಡಿದ್ದಾನೆ ಇವನು!"

ಹೇಳಿದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ಅಜ್ಜನನ್ನು ಏಕವಚನದಲ್ಲಿ ಅಂದದ್ದು ಅದೇ ಮೊದಲು. ಕಣ್ಣಲ್ಲಿ ತುಂಬಿದ್ದು ಕೆನ್ನೆಗೆ ಇಳಿಯುವ ಮೊದಲೇ ಫೋನು ಮತ್ತೆ ಬಡಿದುಕೊಂಡಿತು.

"ಹೂಂ ಕಣೋ, ಕೊಂಡ್ಕೋ. ದನಿಗೇನಾಗಿದೆ? ಏನೂ ಆಗಿಲ್ಲ. ಇಡು ಫೋನು."

ಆಮೇಲೆ ಗುಮಾಸ್ತನ ಕಡೆ ತಿರುಗಿದಳು. "ನಮ್ಮಜ್ಜಿಯ ಮೊದಲ ಮದುವೆ ತೆಗೀರಿ. ನಮ್ಮಪ್ಪನ್ನ ಹುಟ್ಟಿಸಿದೋರು ಯಾರು ನೋಡೋಣ."

"ಆ ವರ್ಷಗಳದ್ದು ಕಟ್ಟುಗಟ್ಟಲೆ ಇದೆ ತಾಯಿ. ಅಲ್ಲಾ, ಆ ಯಜಮಾನರೂ ಈಯಮ್ಮನ ಕಡೆಯವರೇ ಆಗಿಬಿಟ್ರೆ?"

ಇಬ್ಬರೂ ಒಟ್ಟಿಗೆ ದುರುಗುಟ್ಟಿಕೊಂಡು ನೋಡಿದರು. ಅವನು ತೆಪ್ಪಗೆ ಕಪಾಟಿನ ಕಡೆ ಹೋದ.

ದರ್ಜಿಯ ಕೆಲಸ ಮುಗಿದಿತ್ತು. ಅಂಗಡಿಯಲ್ಲಿ ಬಟ್ಟೆ ರಾಶಿ ಬಿದ್ದಿತ್ತು, ಮಗಳಿಗೆ ಸುದ್ದಿ ಹೇಳಬೇಕಿತ್ತು. ಅವಳು ಕೈಚೀಲವನ್ನು ನೆಲಕ್ಕಿಟ್ಟು ಕುರ್ಚಿಯನ್ನು ನರ್ಸಮ್ಮನ ಪಕ್ಕಕ್ಕೆ ಎಳೆದುಕೊಂಡಳು.

"ಒಂದು ಕಟ್ಟು ನನ್ನ ಕಡೆ ಕೊಡಿ" ಎಂದಳು.